23 ಕೋಟಿ ವರ್ಷದ ಮೂಳೆಗೆ ವಯಸ್ಸು ಹೇಳುವವರು ಯಾರು?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ಅರ್ಜೆಂಟೀನಾದ ಇಸ್ಚಿಗ್ವಲಾಸ್ತೊ ಎಂಬಲ್ಲಿ ಕಣಶಿಲೆಯೊಳಗೆ, ಅಂದರೆ ಮರಳು ಕೆಸರು ಪದರಗಟ್ಟಿ ಆದ ಕಲ್ಲಿನೊಳಗೆ, 23 ಕೋಟಿ ವರ್ಷ ಹಿಂದಿನ, ಜಗತ್ತಿನ ಅತಿ ಹಳೆಯ ಡೈನೋಸಾರ್‌ಗಳ ಪಳೆಯುಳಿಕೆ ಸಿಕ್ಕಿವೆ ಎಂದು ಓದಿ ತರಗತಿಯಲ್ಲಿ ಹೇಳಿದೆ. ಮಕ್ಕಳು ಸುಮ್ಮನೆ ಬಿಡಲಿಲ್ಲ. 23 ಕೋಟಿ ಎಂದು ಲೆಕ್ಕ ಹಾಕಿದ್ದು ಹೇಗೆ? ಅದು ಮೊಸಳೆಯದೋ ಉಡದ್ದೋ ಅಲ್ಲ, ಡೈನೋಸಾರ್‌ನದೇ ಎಂದು ಹೇಗೆ ಗೊತ್ತು? ನಮ್ಮ ಬಾದಾಮಿ ಬೆಟ್ಟವೂ ಕಣಶಿಲೆಯೇ, ಇಲ್ಲೇಕೆ ಒಂದೂ ಸಿಗಲಿಲ್ಲ? ಇದರ ಮೇಲೆ, ಹಳ್ಳದಲ್ಲಿ ಸಿಕ್ಕ ಗುಂಡು ಕಲ್ಲೊಂದನ್ನು ಡೈನೋಸಾರ್ ಮೊಟ್ಟೆ ಎಂದು ಒಬ್ಬ ಹುಡುಗ ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದಾನೆ. ಏನು ಹೇಳಲಿ?

ಉತ್ತರ: ಸರ್, ಮೊದಲು ಮೇಜಿನ ಮೇಲಿರುವ ಕಲ್ಲಿನ ವಿಷಯ ಮುಗಿಸೋಣ. ಕಣ್ಣಾರೆ ನೋಡದೆ ತೀರ್ಪು ಕೊಡಬಾರದು, ನಿಜ. ಆದರೂ ನಿಮ್ಮ ಸುತ್ತಿನ ಹಳ್ಳದ ಕಲ್ಲು ಡೈನೋಸಾರ್ ಮೊಟ್ಟೆಯಾಗಿರಲಿಕ್ಕಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಕಾರಣ ಕೊನೆಯ ಭಾಗದಲ್ಲಿ ಬರುತ್ತದೆ. ನೀರಿನಲ್ಲಿ ಉರುಳಿ ಉರುಳಿ ಸವೆದ ಕಲ್ಲು ದುಂಡಗಾಗುತ್ತದೆ. ಕೆಸರಿನೊಳಗೆ ಒಂದು ಚೂರಿನ ಸುತ್ತ ಸುಣ್ಣವೋ ಕಬ್ಬಿಣದ ಅಂಶವೋ ಪದರ ಕಟ್ಟಿ ಬೆಳೆದ ಗಂಟುಕಲ್ಲೂ ದುಂಡಗಿರುತ್ತದೆ. ಇಸ್ಚಿಗ್ವಲಾಸ್ತೊದಲ್ಲೇ ಒಂದು ಬಯಲಿದೆ, ಅಲ್ಲಿ ನೆಲದ ತುಂಬ ಇಂಥ ಗುಂಡುಗಳು ಬಿದ್ದುಕೊಂಡಿವೆ. ಅವೂ ಮೊಟ್ಟೆಗಳಲ್ಲ, ಮರಳಿನ ಗಂಟುಗಳು. ನಿಜವಾದ ಚಿಪ್ಪಾದರೆ ಸೂಕ್ಷ್ಮದರ್ಶಕದಡಿ ಒತ್ತಾಗಿ ನಿಂತ ಹರಳುಗಳ ಸಾಲೂ ಉಸಿರಾಟದ ರಂಧ್ರಗಳೂ ಕಾಣುತ್ತವೆ. ಅದೂ ಅಲ್ಲದೆ, ಶುರುವಿನ ಡೈನೋಸಾರ್‌ಗಳು ಗಟ್ಟಿ ಚಿಪ್ಪಿನ ಮೊಟ್ಟೆ ಇಡುತ್ತಿದ್ದವೆಂಬುದೇ ಈಗ ಅನುಮಾನ. ದಕ್ಷಿಣ ಅರ್ಜೆಂಟೀನಾದ ಮುಸಾರಸ್ ಎಂಬ ಪ್ರಾಣಿಯ ಮೊಟ್ಟೆ ಹಾವಿನ ಮೊಟ್ಟೆಯ ಹಾಗೆ ಮೆತ್ತನೆಯ ಪೊರೆಯದ್ದು ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹುಡುಗನನ್ನು ನೋಡಿ ಮಾತ್ರ ನಗಬೇಡಿ. ಬಿದ್ದ ಕಲ್ಲನ್ನು ಬಗ್ಗಿ ಎತ್ತಿ ನೋಡುವವರೇ ಮುಂದೆ ಈ ಕೆಲಸಕ್ಕೆ ಬರುವವರು.

ಈಗ ಇಸ್ಚಿಗ್ವಲಾಸ್ತೊಗೆ ಹೋಗೋಣ. ಅರ್ಜೆಂಟೀನಾದ ವಾಯವ್ಯ ಮೂಲೆಯಲ್ಲಿ, ಆಂಡಿಸ್ ಪರ್ವತಗಳ ಮಳೆನೆರಳಿನಲ್ಲಿ, ಸಾನ್ ಹುವಾನ್ ಪ್ರಾಂತ್ಯದ ಒಣ ಕಣಿವೆ ಅದು. ಪಕ್ಕದ ತಾಲಂಪಾಯ ಉದ್ಯಾನದೊಂದಿಗೆ ಸೇರಿಸಿ 2000ದಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣವಾಯಿತು. ಬೂದು, ಹಸಿರು ಛಾಯೆಯ ಬೂದು, ಅಲ್ಲಲ್ಲಿ ಕಂದುಗೆಂಪು ಪಟ್ಟೆಗಳ ಬೋಳು ದಿಬ್ಬಗಳು. ಅವುಗಳ ಹಿಂದೆ ಗೋಡೆಯಾಗಿ ಎದ್ದ ಕೆಂಪು ಬಂಡೆಸಾಲು. ಆ ಕೆಂಪು ಸಾಲು ಮೇಲಿನ, ಅಂದರೆ ನಂತರದ ಕಾಲದ ಲಾಸ್ ಕೊಲೊರಾದೊಸ್ ಫಾರ್ಮೇಶನ್. ಬೂದು ದಿಬ್ಬಗಳೇ ಇಸ್ಚಿಗ್ವಲಾಸ್ತೊ ಫಾರ್ಮೇಶನ್. ಒಂದೇ ಕಾಲಘಟ್ಟದಲ್ಲಿ, ಒಂದೇ ಬಗೆಯ ಪರಿಸರದಲ್ಲಿ ಶೇಖರಗೊಂಡ, ನಕಾಶೆಯ ಮೇಲೆ ಗೆರೆ ಹಾಕಿ ತೋರಿಸಬಹುದಾದ ಪದರಗಳ ಕಟ್ಟಿಗೆ ಭೂವಿಜ್ಞಾನಿಗಳು ಫಾರ್ಮೇಶನ್ ಎನ್ನುತ್ತಾರೆ. ಇಲ್ಲಿ ಆ ಕಟ್ಟಿನ ದಪ್ಪ ಕೆಲವು ನೂರು ಮೀಟರ್. ಪದರಗಳು ಓರೆಯಾಗಿ ಮೇಲೆದ್ದಿರುವುದರಿಂದ ಕಣಿವೆಯ ಒಂದು ಬದಿಯಿಂದ ಇನ್ನೊಂದಕ್ಕೆ ನಡೆದರೆ ಸಾಕು, ಲಕ್ಷಾಂತರ ವರ್ಷಗಳನ್ನು ಕೆಳಗಿನಿಂದ ಮೇಲಕ್ಕೆ ದಾಟಿದಂತೆ.

ಆಗ ಅದು ಮರುಭೂಮಿಯಾಗಿರಲಿಲ್ಲ. ನದಿಗಳು ಹರಿಯುತ್ತಿದ್ದ, ಮಳೆಗಾಲ ಮತ್ತು ಒಣಗಾಲ ಎರಡೂ ಇದ್ದ ಬಯಲು. ಪ್ರವಾಹ ಬಂದಾಗಲೆಲ್ಲ ದಂಡೆಯಾಚೆ ಮೆಕ್ಕಲು ಹರಡುತ್ತಿತ್ತು. ಸತ್ತ ಪ್ರಾಣಿಯನ್ನು ನರಿಬುದ್ಧಿಯ ಇನ್ನೊಂದು ಪ್ರಾಣಿ ಎಳೆದು ಚೆಲ್ಲಾಪಿಲ್ಲಿ ಮಾಡುವ ಮೊದಲೇ ಕೆಸರು ಮುಚ್ಚಿದರೆ ಮೂಳೆ ಉಳಿಯಿತು, ಇಲ್ಲದಿದ್ದರೆ ಇಲ್ಲ. ಆಮೇಲೆ ಅಂತರ್ಜಲ ಮೂಳೆಯ ಸೂಕ್ಷ್ಮ ರಂಧ್ರಗಳಲ್ಲಿ ಸುಣ್ಣದ ಖನಿಜ ತುಂಬಿತು, ಹೊರಗೆ ಕಬ್ಬಿಣದ ಅಂಶ ಕಪ್ಪುಗೆಂಪು ತೊಗಟೆಯಾಗಿ ಹತ್ತಿಕೊಂಡಿತು. ಈ ತೊಗಟೆ ಬಿಡಿಸುವುದು ಪ್ರಯೋಗಾಲಯದವರಿಗೆ ತಿಂಗಳುಗಟ್ಟಲೆ ತಲೆನೋವು. ಆದರೆ ಬೂದು ನೆಲದ ಮೇಲೆ ಮೂಳೆ ಕಣ್ಣಿಗೆ ಬೀಳುವುದು ಬಹಳ ಸಲ ಆ ಬಣ್ಣದಿಂದಲೇ.

ಹಾರ್ವರ್ಡ್‌ನ ಪಳೆಯುಳಿಕೆ ತಜ್ಞ ಆಲ್ಫ್ರೆಡ್ ರೋಮರ್ 1958ರಲ್ಲಿ ಇಲ್ಲಿಗೆ ಬಂದು ಪಳೆಯುಳಿಕೆಗಳ ರಾಶಿಯನ್ನೇ ಕಂಡರು. ಮರುವರ್ಷ, 1959ರಲ್ಲಿ, ಆ ಸೀಮೆಯಲ್ಲಿ ಮೇಕೆ ಮೇಯಿಸುತ್ತಿದ್ದ ವಿಕ್ಟೊರಿನೊ ಹೆರೆರಾ ಎಂಬುವರ ಕಣ್ಣಿಗೆ ಬೇರೆಯದೇ ರೀತಿಯ ಮೂಳೆಗಳು ಬಿದ್ದವು. 1963ರಲ್ಲಿ ಒಸ್ವಾಲ್ಡೊ ರೇಗ್ ಆ ಪ್ರಾಣಿಗೆ ಹೆರೆರಾಸಾರಸ್ ಎಂದೇ ಹೆಸರಿಟ್ಟರು. ಮೇಕೆ ಕಾಯುವವರ ಹೆಸರು ಹೊತ್ತ ಡೈನೋಸಾರ್ ಇದೆ ಎಂದು ನಿಮ್ಮ ಮಕ್ಕಳಿಗೆ ಖಂಡಿತ ಹೇಳಿ. ತಲೆಬುರುಡೆ ಇಲ್ಲದೆ ಅದು ಯಾವ ಬಗೆಯ ಪ್ರಾಣಿ ಎಂಬ ಜಗಳ ಕಾಲು ಶತಮಾನ ನಡೆಯಿತು. 1988ರಲ್ಲಿ ಪಾಲ್ ಸೆರೆನೊ ಮುಂದಾಳತ್ವದ ತಂಡಕ್ಕೆ ಪೂರ್ಣ ಬುರುಡೆಯೊಂದಿಗೆ ಅಸ್ಥಿಪಂಜರ ಸಿಕ್ಕಿತು. ದೊಡ್ಡವು ಆರು ಮೀಟರ್‌ವರೆಗೆ ಬೆಳೆಯುತ್ತಿದ್ದ ಈ ಬೇಟೆಗಾರನ ಕೆಳದವಡೆಯ ನಡುವೆ ಒಂದು ಕೀಲಿದೆ. ಕಚ್ಚಿ ಹಿಡಿದದ್ದು ಒದ್ದಾಡಿದಾಗ ದವಡೆ ತುಸು ಜಾರಿ ಹಿಡಿತ ಬಿಗಿಯಾಗಲಿ ಎಂದು.

ಅದಕ್ಕಿಂತ ಪ್ರಸಿದ್ಧವಾದದ್ದು ಇಯೋರಾಪ್ಟರ್. 1991ರಲ್ಲಿ ರಿಕಾರ್ಡೊ ಮಾರ್ಟಿನೆಸ್ ಕೈಗೆತ್ತಿಕೊಂಡ ಕಲ್ಲಿನಲ್ಲಿ ಹಲ್ಲು ಕಂಡಿತು. ಬಿಡಿಸುತ್ತ ಹೋದಂತೆ ಸುಮಾರು ಒಂದು ಮೀಟರ್ ಉದ್ದದ, ಎರಡು ಕಾಲಿನ ಮೇಲೆ ಓಡುವ, ಹತ್ತು ಕಿಲೊ ತೂಗುತ್ತಿದ್ದಿರಬಹುದಾದ ಪ್ರಾಣಿ. 1993ರಲ್ಲಿ ಅದರ ವಿವರಣೆ ಪ್ರಕಟವಾಯಿತು. ಅದರ ಬಾಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ದವಡೆಯ ಹಿಂಭಾಗದ ಹಲ್ಲುಗಳು ಹಿಂದಕ್ಕೆ ಬಾಗಿದ, ಅಂಚಿನಲ್ಲಿ ಗರಗಸದ ಕಚ್ಚುಗಳಿರುವ ಮಾಂಸಾಹಾರಿ ಹಲ್ಲು. ಮುಂಭಾಗದವು ಎಲೆಯಾಕಾರದವು, ಸೊಪ್ಪು ಕತ್ತರಿಸುವ ಹಲ್ಲು. ಹಾಗಾದರೆ ಅದು ಏನು ತಿನ್ನುತ್ತಿತ್ತು? ಸಿಕ್ಕಿದ್ದನ್ನೆಲ್ಲ ಎಂದೇ ಹೇಳಬೇಕು. ಮೊದಲು ಅದನ್ನು ಟಿರನೊಸಾರಸ್‌ನ ಕಡೆಯ ಬಳಗಕ್ಕೆ, ಥೆರೊಪಾಡ್‌ಗಳ ಜೊತೆ ಸೇರಿಸಿದ್ದರು. 2011ರಲ್ಲಿ ಅದೇ ಕಣಿವೆಯ ಇಯೋಡ್ರೊಮಿಯಸ್ ಎಂಬ ಇನ್ನೊಂದು ಸಣ್ಣ ಪ್ರಾಣಿ ವರ್ಣಿತವಾದಾಗ, ನಿಜವಾದ ಥೆರೊಪಾಡ್ ಇದು, ಇಯೋರಾಪ್ಟರ್ ಉದ್ದ ಕತ್ತಿನ ಸಸ್ಯಾಹಾರಿ ದೈತ್ಯರ ಪೂರ್ವಜರ ಕಡೆಯದು ಎಂದು ಅದೇ ತಂಡ ಹೇಳಿತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಗಾತ್ರ, ಕಾಲು, ನಿಲುವು ಎಲ್ಲ ಒಂದೇ ರೀತಿ. ಒಂದರ ವಂಶದಿಂದ ಟಿರನೊಸಾರಸ್, ಇನ್ನೊಂದರ ವಂಶದಿಂದ ಮೂವತ್ತು ಮೀಟರ್ ಉದ್ದದ ಸಾರೊಪಾಡ್. ನನಗೆ ಈ ಫಾರ್ಮೇಶನ್‌ನ ನಿಜವಾದ ಆಕರ್ಷಣೆ ಇದು: ಕವಲುಗಳು ಒಡೆದಾಗಿತ್ತು, ಆದರೆ ಒಡೆದದ್ದು ಮೈಮೇಲೆ ಇನ್ನೂ ಸರಿಯಾಗಿ ಕಾಣುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಮಕ್ಕಳು ಆ ಕಾಲವನ್ನು ಡೈನೋಸಾರ್‌ಗಳ ರಾಜ್ಯ ಎಂದುಕೊಳ್ಳುವ ಅಪಾಯವಿದೆ. ಇಸ್ಚಿಗ್ವಲಾಸ್ತೊದಲ್ಲಿ ಸಂಗ್ರಹಿಸಿದ ಬೆನ್ನೆಲುಬಿನ ಪ್ರಾಣಿಗಳಲ್ಲಿ ಡೈನೋಸಾರ್‌ಗಳ ಪಾಲು ಹೆಚ್ಚುಕಡಿಮೆ ಹತ್ತರಲ್ಲಿ ಒಂದು. ಉಳಿದದ್ದೆಲ್ಲ ಬೇರೆಯವರು. ಹೆಜ್ಜೆಗೊಂದರಂತೆ ಸಿಗುವುದು ರಿಂಕೊಸಾರ್ ಎಂಬ ಕೊಕ್ಕಿನ ಸಸ್ಯಾಹಾರಿ. ಅದರ ಜೊತೆಗೆ ಸಸ್ತನಿಗಳ ಹತ್ತಿರದ ಸಂಬಂಧಿ ಎಕ್ಸೆರೆಟೊಡಾನ್. ಎಲ್ಲರ ಮೇಲೆ ದರ್ಬಾರು ನಡೆಸುತ್ತಿದ್ದದ್ದು ಮೊಸಳೆಯ ಕಡೆಯ ಸಾರೊಸೂಕಸ್, ಹೆರೆರಾಸಾರಸ್‌ಗಿಂತ ದೊಡ್ಡದು. ಮೇಲಿನ ಪದರಗಳಲ್ಲಿ ರಿಂಕೊಸಾರ್‌ಗಳು ಮಾಯವಾಗುತ್ತವೆ, ಆದರೂ ಆ ಖಾಲಿ ಜಾಗಕ್ಕೆ ಡೈನೋಸಾರ್‌ಗಳು ನುಗ್ಗಿದ ಗುರುತಿಲ್ಲ. ಅವುಗಳ ಕಾಲ ಬಂದದ್ದು 20.1 ಕೋಟಿ ವರ್ಷ ಹಿಂದೆ, ಇವೆಲ್ಲ ಬದುಕಿದ್ದ ಟ್ರಯಾಸಿಕ್ ಯುಗ ದೊಡ್ಡ ವಿನಾಶದೊಂದಿಗೆ ಮುಗಿದು, ಮೊಸಳೆ ಬಳಗದ ಹೆಚ್ಚಿನವು ಅಳಿದ ಮೇಲೆ. ಅಂದರೆ ಮೂರು ಕೋಟಿ ವರ್ಷ ಮೂಲೆಯಲ್ಲಿ ಕೂತಿದ್ದರು.

ಇಷ್ಟು ಬಗೆಯ ಪ್ರಾಣಿಗಳ ನಡುವೆ ಡೈನೋಸಾರ್ ಯಾವುದೆಂದು ಹೇಗೆ ಗೊತ್ತಾಗುತ್ತದೆ? ಗಾತ್ರದಿಂದಲ್ಲ, ಹಲ್ಲಿನಿಂದಲೂ ಅಲ್ಲ. ಮೊದಲು ನೋಡುವುದು ಸೊಂಟ. ಉಡದಂಥ ಸರೀಸೃಪಗಳಲ್ಲಿ ತೊಡೆಮೂಳೆಯ ತಲೆ ಕೂರುವ ಗುಂಡಿಗೆ ತಳವಿದೆ, ಮೂಳೆಯ ಬಟ್ಟಲು. ಡೈನೋಸಾರ್‌ನಲ್ಲಿ ಆ ಗುಂಡಿಗೆ ತಳವೇ ಇಲ್ಲ, ಆರಪಾರ ತೂತು. ತೊಡೆಮೂಳೆಯ ತಲೆ ಒಳಗಡೆಗೆ ತಿರುಗಿ ಆ ತೂತಿನಲ್ಲಿ ಕೂರುತ್ತದೆ, ಕಾಲು ಪಕ್ಕಕ್ಕೆ ಚಾಚದೆ ಮೈಯ ನೇರ ಕೆಳಗೆ ಬರುತ್ತದೆ. ಭಾರವೆಲ್ಲ ತೂತಿನ ಮೇಲಂಚಿಗೆ ಬೀಳುವುದರಿಂದ ಆ ಅಂಚು ಚಾಚಿ ದಪ್ಪವಾಗಿರುತ್ತದೆ. ಇದರ ಜೊತೆಗೆ ಇನ್ನೆರಡು ಮೂರು ಗುರುತು ಸೇರಿಸುತ್ತಾರೆ: ತೋಳಮೂಳೆಯ ಮೇಲೆ ಸ್ನಾಯು ಅಂಟುವ ಉದ್ದ ಏಣು, ಬಾಗಿಲಿನ ಕೀಲಿನಂತೆ ಮುಂದೆ ಹಿಂದೆ ಮಾತ್ರ ಆಡುವ ಪಾದಸಂಧಿ, ತೊಡೆಮೂಳೆಯ ಹಿಂಬದಿಯ ವಾರೆಯಾದ ಉಬ್ಬು. ಇವೆಲ್ಲ ಒಟ್ಟಿಗೆ ಬಂದರೆ ಹೇಳಬಹುದು.

ಇದಕ್ಕೆ ತರಗತಿಯಲ್ಲೇ ಸಾಕ್ಷಿ ತೋರಿಸಬಹುದು. ಮಾಂಸಾಹಾರಿ ಮನೆಯ ಮಗುವೊಂದಕ್ಕೆ ಹೇಳಿ ಕೋಳಿಯ ಸೊಂಟದ ಮೂಳೆಯನ್ನು ಬೇಯಿಸಿ ಚೊಕ್ಕ ಮಾಡಿ ತರಿಸಿ. ತೊಡೆ ಕೂರುವ ಜಾಗದಲ್ಲಿ ಬೆಳಕು ಆಚೆಯಿಂದ ಈಚೆಗೆ ತೂರಿ ಕಾಣುತ್ತದೆ. ಹಕ್ಕಿಗಳು ಡೈನೋಸಾರ್‌ಗಳ ವಂಶವೇ ಆದ್ದರಿಂದ ಇದರಲ್ಲಿ ಆಶ್ಚರ್ಯವಿಲ್ಲ.

ಹಾಗೆಂದು ಗಡಿ ಅಷ್ಟು ಚೊಕ್ಕವಾಗಿದೆ ಎಂದುಕೊಳ್ಳಬೇಡಿ. ಬ್ರೆಜಿಲ್‌ನ ಸ್ಯಾಟರ್ನೇಲಿಯಾ ನಿಸ್ಸಂದೇಹವಾಗಿ ಡೈನೋಸಾರ್, ಆದರೆ ಅದರ ಸೊಂಟದ ಗುಂಡಿ ಬಹುಪಾಲು ಮುಚ್ಚಿಯೇ ಇದೆ, ತಳದಲ್ಲಿ ಸಣ್ಣ ಕಿಂಡಿಯಷ್ಟೇ ತೆರೆದಿದೆ. ಇಸ್ಚಿಗ್ವಲಾಸ್ತೊದಿಂದಲೇ 1967ರಲ್ಲಿ ಹೆಸರು ಪಡೆದ ಪಿಸಾನೊಸಾರಸ್ ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ಹಕ್ಕಿಸೊಂಟದ ಡೈನೋಸಾರ್‌ಗಳ ಮೂಲಪುರುಷ ಎನಿಸಿಕೊಂಡಿತ್ತು. ಈಗ ಹಲವರು ಅದನ್ನು ಸೈಲಿಸಾರಿಡ್ ಎಂಬ ನೆರೆಯ ಬಳಗಕ್ಕೆ ಕಳಿಸಿದ್ದಾರೆ. ಆ ಬಳಗವೇ ಡೈನೋಸಾರ್‌ಗಳ ಒಳಗೋ ಹೊರಗೋ ಎಂಬ ವಾದ ಇನ್ನೂ ಮುಗಿದಿಲ್ಲ. ಪ್ರಾಣಿಗಳು ಬದಲಾಗುತ್ತ ಹೋದದ್ದು ನಿಧಾನವಾಗಿ, ಗೆರೆ ಎಳೆದದ್ದು ನಾವು.

ಇನ್ನು ವಯಸ್ಸಿನ ಲೆಕ್ಕ. ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಮಕ್ಕಳಿರಲಿ, ಪದವೀಧರರೂ ಕಾರ್ಬನ್ ಪರೀಕ್ಷೆ ಎನ್ನುತ್ತಾರೆ. ಕಾರ್ಬನ್-14ರ ಅರ್ಧಾಯು, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ, 5,730 ವರ್ಷ. ಸುಮಾರು 50 ಸಾವಿರ ವರ್ಷ ದಾಟಿದರೆ ಅಳೆಯಲು ಏನೂ ಉಳಿದಿರುವುದಿಲ್ಲ. ಡೈನೋಸಾರ್ ಮೂಳೆಗೆ ಅದು ಸುತರಾಂ ಒಗ್ಗದು. ಹಾಗಾದರೆ ಸುತ್ತಲಿನ ಕಲ್ಲನ್ನೇ ಅಳೆಯಬಾರದೇ? ಕಣಶಿಲೆಯಲ್ಲಿ ಅದೇ ತೊಡಕು. ಮರಳುಗಲ್ಲಿನ ಒಂದೊಂದು ಕಣವೂ ಇನ್ಯಾವುದೋ ಹಳೆಯ ಬೆಟ್ಟ ಸವೆದು ಬಂದದ್ದು. ಕಣದ ವಯಸ್ಸು ಕೇಳಿದರೆ ಅದು ತನ್ನ ತವರು ಬೆಟ್ಟದ ವಯಸ್ಸು ಹೇಳುತ್ತದೆ, ಇಲ್ಲಿ ಬಂದು ಬಿದ್ದ ದಿನವನ್ನಲ್ಲ.

ಇಸ್ಚಿಗ್ವಲಾಸ್ತೊವನ್ನು ಕಾಪಾಡಿದ್ದು ಜ್ವಾಲಾಮುಖಿಗಳು. ಹತ್ತಿರದಲ್ಲಿ ಅವು ಆಗಾಗ ಸಿಡಿಯುತ್ತಿದ್ದವು. ಗಾಳಿಯಲ್ಲಿ ಬಂದ ಬೂದಿ ಬಯಲಿನ ಮೇಲೆ ತೆಳುವಾಗಿ ಕೂತು, ಮೇಲೆ ಮತ್ತೆ ಕೆಸರು ಬಿದ್ದು, ಮೆಕ್ಕಲಿನ ನಡುವೆ ಪಟ್ಟೆಯಾಗಿ ಉಳಿಯಿತು. ಇಂದು ಅದು ಒದ್ದೆಯಾದರೆ ಉಬ್ಬುವ ಮೆತ್ತನೆಯ ಜೇಡಿಯಾಗಿದೆ. ಆ ಜೇಡಿಯನ್ನು ತೊಳೆದು ಸೋಸಿದರೆ ಸಾಸಿವೆಗಿಂತ ಚಿಕ್ಕ ಹರಳುಗಳು ಸಿಗುತ್ತವೆ. ಅವು ಶಿಲಾರಸದಲ್ಲಿ ಹುಟ್ಟಿ, ಸ್ಫೋಟದಲ್ಲಿ ಹಾರಿ, ನೇರ ಇಲ್ಲಿ ಬಂದು ಬಿದ್ದವು. ಅವುಗಳ ವಯಸ್ಸೇ ಆ ಪದರದ ವಯಸ್ಸು.

ಹರಳಿನ ಒಳಗಿರುವ ಪೊಟ್ಯಾಸಿಯಂನಲ್ಲಿ ಅತ್ಯಲ್ಪ ಪಾಲು ಪೊಟ್ಯಾಸಿಯಂ-40. ಅದು ಕ್ಷಯಿಸುತ್ತ ಒಂದಷ್ಟು ಆರ್ಗಾನ್-40 ಅನಿಲವಾಗುತ್ತದೆ. ಅರ್ಧಾಯು ಸುಮಾರು 125 ಕೋಟಿ ವರ್ಷ. ಕಲ್ಲು ಕರಗಿ ಕುದಿಯುತ್ತಿದ್ದಾಗ ಅನಿಲ ತಪ್ಪಿಸಿಕೊಂಡು ಹೋಗಿರುತ್ತದೆ, ಹರಳು ಗಟ್ಟಿಯಾದ ಮೇಲೆ ಹುಟ್ಟಿದ್ದು ಒಳಗೇ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಎಷ್ಟು ಆರ್ಗಾನ್ ಕೂಡಿದೆ ಎಂದು ಅಳೆದರೆ ಎಷ್ಟು ಕಾಲವಾಯಿತೆಂದು ಗೊತ್ತಾಗುತ್ತದೆ. ಜಿರ್ಕಾನ್ ಎಂಬ ಹರಳಿನಲ್ಲಿ ಇದೇ ಕೆಲಸವನ್ನು ಯುರೇನಿಯಂ ಮತ್ತು ಸೀಸದಿಂದ ಮಾಡುತ್ತಾರೆ. ಜಿರ್ಕಾನ್ ಹುಟ್ಟುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಸೇರಿಸುವುದಿಲ್ಲ. ಹಾಗಾಗಿ ಇಂದು ಒಳಗೆ ಸಿಕ್ಕುವ ಸೀಸವೆಲ್ಲ ಹೆಚ್ಚುಕಡಿಮೆ ಕ್ಷಯದಿಂದ ಬಂದದ್ದೇ.

ಫಾರ್ಮೇಶನ್‌ನ ತಳದ ಬಳಿಯ ಬೂದಿಪಟ್ಟೆಗೆ 1993ರಲ್ಲಿ ಬಂದ ವಯಸ್ಸು 22 ಕೋಟಿ 78 ಲಕ್ಷ ವರ್ಷ. 2011ರಲ್ಲಿ ಅದನ್ನು 23 ಕೋಟಿ 14 ಲಕ್ಷ ಎಂದು ತಿದ್ದಿದರು, ಆಚೀಚೆ ಮೂರು ಲಕ್ಷ. ಹೊಸ ಬೂದಿಯೇನೂ ಸಿಕ್ಕಿರಲಿಲ್ಲ. ಪ್ರಯೋಗಾಲಯಗಳು ಹೋಲಿಕೆಗೆ ಇಟ್ಟುಕೊಳ್ಳುವ ಮಾದರಿ ಹರಳಿನ ವಯಸ್ಸೂ ಕ್ಷಯದ ವೇಗವೂ ನಡುವೆ ಪರಿಷ್ಕರಣೆಯಾಗಿ, ಹಳೆಯ ಅಳತೆಯನ್ನು ಹೊಸ ಲೆಕ್ಕಕ್ಕೆ ಹಾಕಿದಾಗ 36 ಲಕ್ಷ ವರ್ಷ ಏರಿತು. ಪತ್ರಿಕೆಗಳು ಒಂದೊಂದು ಸಲ 22 ಕೋಟಿ ಎಂದೂ ಇನ್ನೊಂದು ಸಲ 23 ಕೋಟಿ ಎಂದೂ ಬರೆಯುವುದಕ್ಕೆ ಇದೂ ಒಂದು ಕಾರಣ. ಮೇಲ್ಭಾಗದ ಪಟ್ಟೆಗೆ ಅದೇ ವರ್ಷ ಸಿಕ್ಕ ವಯಸ್ಸು 22 ಕೋಟಿ 59 ಲಕ್ಷ. ಇಯೋರಾಪ್ಟರ್, ಹೆರೆರಾಸಾರಸ್ ಎರಡೂ ಸಿಗುವುದು ಈ ಎರಡರ ನಡುವಿನ ಕೆಳಭಾಗದಲ್ಲಿ. ಆದ್ದರಿಂದ ಮಕ್ಕಳಿಗೆ ಹೀಗೆ ಹೇಳಬಹುದು: ಮೂಳೆಯ ವಯಸ್ಸನ್ನು ಯಾರೂ ಅಳೆದಿಲ್ಲ, ಅದರ ಕೆಳಗಿನ ಮತ್ತು ಮೇಲಿನ ಬೂದಿಯ ವಯಸ್ಸು ಅಳೆದು ನಡುವೆ ಕೂರಿಸಿದ್ದಾರೆ.

ಅಂದಮೇಲೆ ಇದು ಜಗತ್ತಿನ ಅತಿ ಹಳೆಯ ಡೈನೋಸಾರ್ ಹೌದೇ? ಆ ಮಾತಿಗೆ ನಾನು ಸಹಿ ಹಾಕುವುದಿಲ್ಲ. ಚೆನ್ನಾಗಿ ವಯಸ್ಸು ಕಟ್ಟಿದ, ಪೂರ್ಣ ಅಸ್ಥಿಪಂಜರಗಳಿರುವ ಅತಿ ಹಳೆಯ ನೆಲೆಗಳಲ್ಲಿ ಒಂದು, ಅಷ್ಟೇ ಸರಿ. ದಕ್ಷಿಣ ಬ್ರೆಜಿಲ್‌ನ ಸಾಂತಾ ಮರಿಯಾ ಪದರಗಳಲ್ಲಿ ಸ್ಯಾಟರ್ನೇಲಿಯಾ, ಬುರಿಯೊಲೆಸ್ಟಿಸ್ ಮುಂತಾದವು ಸಿಕ್ಕಿವೆ. ಅಲ್ಲಿನ ಜಿರ್ಕಾನ್‌ಗಳಿಂದ 2018ರಲ್ಲಿ ಬಂದ ಸಂಖ್ಯೆ 23 ಕೋಟಿ 32 ಲಕ್ಷ. ಅವು ಮೆಕ್ಕಲಿನ ಜೊತೆ ಬಂದ ಹರಳುಗಳಾದ್ದರಿಂದ ಪದರ ಅದಕ್ಕಿಂತ ಹಳೆಯದಲ್ಲ ಎಂದಷ್ಟೇ ಹೇಳಬಹುದು. ಜಿಂಬಾಬ್ವೆಯ ಉತ್ತರದಲ್ಲಿ 2017 ಮತ್ತು 2019ರಲ್ಲಿ ಬಗೆದು ತೆಗೆದ ಎಂಬಿರೆಸಾರಸ್ 2022ರಲ್ಲಿ ಪ್ರಕಟವಾಯಿತು. ಅದೂ ಸುಮಾರು 23 ಕೋಟಿ. ಟಾಂಜಾನಿಯಾದ ನ್ಯಾಸಾಸಾರಸ್ ಎಲ್ಲಕ್ಕಿಂತ ಹಿಂದಿನದು, 24 ಕೋಟಿಯ ಆಚೆ ಎಂದು 2013ರಲ್ಲಿ ಅದನ್ನು ವರ್ಣಿಸಿದವರ ಅಂದಾಜು. ಆದರೆ ಕೈಯಲ್ಲಿರುವುದು ಒಂದು ತೋಳಮೂಳೆ, ಕೆಲವು ಬೆನ್ನುಮಣಿ. ಸೊಂಟದ ಗುಂಡಿ ಸಿಕ್ಕಿಲ್ಲ, ಹಾಗಾಗಿ ಡೈನೋಸಾರ್ ಎಂದು ಘೋಷಿಸಲು ಅವರೂ ಹಿಂಜರಿದರು.

ಇವೆಲ್ಲ ಆಗಿನ ಒಂದೇ ಮಹಾಖಂಡ ಪ್ಯಾಂಜಿಯಾದ ದಕ್ಷಿಣ ಭಾಗದವು. ದಕ್ಷಿಣದ ತಂಪು, ತೇವದ ಪಟ್ಟಿಯಲ್ಲೇ ಮೊದಲ ಡೈನೋಸಾರ್‌ಗಳು ಸಿಕ್ಕಿಕೊಂಡಿದ್ದವು, ಉತ್ತರಕ್ಕೆ ದಾಟದಂತೆ ನಡುವಿನ ಒಣ ಪ್ರದೇಶ ತಡೆದಿತ್ತು ಎಂಬ ವಾದ ಎಂಬಿರೆಸಾರಸ್ ಜೊತೆಗೇ ಬಂತು. ಚೆಂದದ ವಾದ. ಮೂರು ವರ್ಷ ಕಳೆಯುವಷ್ಟರಲ್ಲಿ, 2025ರ ಜನವರಿಯಲ್ಲಿ, ಅಮೆರಿಕದ ವಯೋಮಿಂಗ್‌ನಿಂದ ಸುಮಾರು 23 ಕೋಟಿ ವರ್ಷದ, ಕೋಳಿ ಗಾತ್ರದ ಅಹ್ವಾಯ್ಟಮ್ ಪ್ರಕಟವಾಯಿತು; ವಯೋಮಿಂಗ್ ಆಗಲೂ ಸಮಭಾಜಕದ ಉತ್ತರಕ್ಕೇ ಇತ್ತು. ದಕ್ಷಿಣದಲ್ಲಿ ಹೆಚ್ಚು ಸಿಕ್ಕಿದ್ದು ಅಲ್ಲಿ ಹೆಚ್ಚು ಬದುಕಿದ್ದರಿಂದಲೋ, ಅಲ್ಲಿ ಆ ಕಾಲದ ಕೆಸರು ಉಳಿದು ಬಯಲಾಗಿರುವುದರಿಂದಲೋ? ನನ್ನ ಒಲವು ಎರಡನೆಯದರ ಕಡೆಗೆ. ದಾಖಲೆ ನಮಗೆ ಹೇಳುವುದು ಪ್ರಾಣಿ ಎಲ್ಲಿತ್ತು ಎನ್ನುವುದಕ್ಕಿಂತ ಹೆಚ್ಚಾಗಿ ಕಲ್ಲು ಎಲ್ಲಿ ಉಳಿಯಿತು ಎನ್ನುವುದನ್ನು.

ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಆದರೆ ಬಾದಾಮಿಗೆ ಬರುವ ಮೊದಲು ತೆಲಂಗಾಣದ ಮೂಲಕ ಹಾದು ಬರೋಣ, ಯಾಕೆಂದರೆ ಆ ಕಾಲದ ಡೈನೋಸಾರ್ ನೋಡಲು ಅರ್ಜೆಂಟೀನಾಗೇ ಹೋಗಬೇಕಿಲ್ಲ. ಬೀದರ್‌ನಿಂದ ಈಶಾನ್ಯಕ್ಕೆ ನೇರ ಗೆರೆ ಎಳೆದರೆ ಸುಮಾರು 250 ಕಿಲೊಮೀಟರ್ ದೂರದಲ್ಲಿ, ಹಿಂದಿನ ಆದಿಲಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ, ಹೊಲಗಳ ನಡುವೆ ಕೆಂಪು ಜೇಡಿಯ ನೆಲ ಅಲ್ಲಲ್ಲಿ ಬಯಲಾಗಿ ಕಾಣುತ್ತದೆ. ಅದು ಮಲೇರಿ ಫಾರ್ಮೇಶನ್. ಪ್ರಾಣಹಿತಾ-ಗೋದಾವರಿ ಕಣಿವೆಯಲ್ಲಿ, ಸಿಂಗರೇಣಿ ಕಲ್ಲಿದ್ದಲಿನ ಪದರಗಳಿಗಿಂತ ಮೇಲೆ, ಇಸ್ಚಿಗ್ವಲಾಸ್ತೊ ಕಾಲದ್ದೇ ಮೆಕ್ಕಲು.

ಅಲ್ಲಿಯ ಹಳ್ಳಗಳ ಪಕ್ಕದಲ್ಲಿ ಮಳೆ ತೊಳೆದ ಮೇಲೆ ಮೂಳೆ ಚೂರು ಮೇಲೆದ್ದಿರುತ್ತವೆ. ಕಲ್ಲೋ ಮೂಳೆಯೋ ಎಂಬ ಅನುಮಾನ ಬಂದರೆ ಮುರಿದ ಮುಖ ನೋಡುತ್ತೇವೆ, ಮೂಳೆಯಾದರೆ ಸಣ್ಣ ಸಣ್ಣ ಕೋಶಗಳು ಕಾಣುತ್ತವೆ. ಇನ್ನೂ ಅನುಮಾನವಿದ್ದರೆ ನಾಲಿಗೆಗೆ ತಾಗಿಸುತ್ತೇವೆ, ರಂಧ್ರಗಳಿರುವ ಮೂಳೆ ನಾಲಿಗೆಗೆ ಅಂಟುತ್ತದೆ. ಅಸಹ್ಯವೆನ್ನಿಸಬಹುದು, ಆದರೆ ಈ ಕಸುಬಿನಲ್ಲಿ ಎಲ್ಲರೂ ಮಾಡುತ್ತಾರೆ. ಮಕ್ಕಳಿಗೆ ಮಾತ್ರ ಇದನ್ನು ಕಲಿಸಬೇಡಿ. ಹೆಚ್ಚಾಗಿ ಸಿಗುವುದು ಹೈಪರೊಡಪಿಡಾನ್ ಎಂಬ ರಿಂಕೊಸಾರ್‌ನ ದವಡೆ. ಮೇಲ್ದವಡೆಯ ಫಲಕದಲ್ಲಿ ಸಾಲು ಸಾಲು ಗಿಡ್ಡ ಹಲ್ಲು, ನಡುವೆ ಉದ್ದಕ್ಕೂ ಒಂದು ತೋಡು. ಕೆಳದವಡೆಯ ಅಲಗು ಆ ತೋಡಿಗೆ ಅಳತೆ ಮಾಡಿದ ಹಾಗೆ ಇಳಿಯುತ್ತದೆ, ಥೇಟ್ ನಮ್ಮ ಅಡಕತ್ತರಿ. ಗಟ್ಟಿ ಬೇರು, ಕಾಂಡಗಳನ್ನು ಕತ್ತರಿಸಿ ತಿನ್ನುವ ಬಾಯಿ.

ಈ ಅಡಕತ್ತರಿ ಬಾಯಿಯೇ ಮಲೇರಿಗೆ ವಯಸ್ಸು ಕೊಟ್ಟದ್ದು. ಇಲ್ಲಿ ಇಸ್ಚಿಗ್ವಲಾಸ್ತೊದಂಥ ವಯಸ್ಸು ಕಟ್ಟಿದ ಬೂದಿಪಟ್ಟೆಯ ಆಸರೆ ಇಲ್ಲ. ಆದರೆ ಅದೇ ಹೈಪರೊಡಪಿಡಾನ್ ಬಳಗ ಅರ್ಜೆಂಟೀನಾ, ಬ್ರೆಜಿಲ್‌ಗಳಲ್ಲಿದೆ, ಸ್ಕಾಟ್ಲೆಂಡ್‌ನ ಎಲ್ಗಿನ್ ಬಳಿಯ ಮರಳುಗಲ್ಲಿನಲ್ಲಿಯೂ ಇದೆ. ಥಾಮಸ್ ಹಕ್ಸ್ಲಿ 1859ರಲ್ಲಿ ಅದಕ್ಕೆ ಹೆಸರಿಟ್ಟದ್ದು ಎಲ್ಗಿನ್‌ನ ಮಾದರಿಗೆ; ಮಲೇರಿಯ ಪ್ರಾಣಿ ಮುಂದೆ ಹಕ್ಸ್ಲಿಯ ಹೆಸರನ್ನೇ ಪಡೆಯಿತು. ಒಂದು ಕಡೆ ಬೂದಿಯಿಂದ ಕಾಲ ಗೊತ್ತಾದರೆ, ಅದೇ ಪ್ರಾಣಿ ಸಿಕ್ಕ ಇನ್ನೊಂದು ಕಡೆಯನ್ನು ಅದರ ಆಸುಪಾಸಿನಲ್ಲಿ ಕೂರಿಸುತ್ತಾರೆ.

ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಗೂ (ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ಈ ಕೆಂಪು ನೆಲಕ್ಕೂ ಏನು ಸಂಬಂಧ ಎಂದು ಕೇಳಬೇಡಿ, ಇದೆ. 1950ರ ದಶಕದ ಕೊನೆಯಲ್ಲಿ ಸಂಸ್ಥೆಯ ಸ್ಥಾಪಕ ಪಿ.ಸಿ. ಮಹಾಲನೋಬಿಸ್ ಲಂಡನ್‌ನ ಪಳೆಯುಳಿಕೆ ತಜ್ಞೆ ಪಮೇಲಾ ರಾಬಿನ್ಸನ್ ಅವರನ್ನು ಕರೆಸಿ ಸಂಸ್ಥೆಯಲ್ಲೇ ಭೂವಿಜ್ಞಾನ ಘಟಕ ಕಟ್ಟಿಸಿದರು. ಅಲ್ಲಿ ಬೆಳೆದವರೇ ಗೋದಾವರಿ ಕಣಿವೆಯನ್ನು ದಶಕಗಟ್ಟಲೆ ಜಾಲಾಡಿದ್ದು. ಮಲೇರಿಯ ಎಕ್ಸೆರೆಟೊಡಾನ್ ಪ್ರಭೇದಕ್ಕೆ ಸ್ಟಾಟಿಸ್ಟಿಕೇ ಎಂಬ ಹೆಸರು ಬಂದದ್ದು ಆ ಸಂಸ್ಥೆಯಿಂದ. ಶಂಕರ್ ಚಟರ್ಜಿ 1987ರಲ್ಲಿ ಇಲ್ಲಿಂದ ಸಣ್ಣ ಡೈನೋಸಾರ್ ಒಂದನ್ನು ವರ್ಣಿಸಿ ವಾಕೇರಿಯಾ ಎಂದರು. ಆ ಹೆಸರು ಇನ್ನೊಂದು ಜಲಜೀವಿಗೆ ಮೊದಲೇ ಇದ್ದುದರಿಂದ 1994ರಲ್ಲಿ ಅಲ್ವಾಕೇರಿಯಾ ಆಯಿತು. ದವಡೆಯ ತುದಿಗಳು, ಕೆಲವು ಬೆನ್ನುಮಣಿ, ತೊಡೆಮೂಳೆಯ ಭಾಗ, ಪಾದಸಂಧಿಯ ಒಂದು ಮೂಳೆ. ಮುಂದೆ ಪರಿಶೀಲಿಸಿದವರು ಬೆನ್ನುಮಣಿಗಳಲ್ಲಿ ಕೆಲವು ಬೇರೆ ಸರೀಸೃಪದವು, ಖಚಿತವಾಗಿ ಡೈನೋಸಾರ್‌ನದು ತೊಡೆ ಮತ್ತು ಪಾದಸಂಧಿ ಮಾತ್ರ ಎಂದರು. ಒಂದೇ ಜಾಗದಲ್ಲಿ ಬಿದ್ದ ಚೂರುಗಳೆಲ್ಲ ಒಂದೇ ಪ್ರಾಣಿಯದು ಎಂದುಕೊಳ್ಳುವುದು ಮಲೇರಿಯಂಥ ನೆಲದಲ್ಲಿ ಯಾವಾಗಲೂ ಇರುವ ಅಪಾಯ. ಮಲೇರಿಯ ಮೇಲಿನ ಪದರಗಳಿಂದ 2011ರಲ್ಲಿ ನಂಬಾಲಿಯಾ, ಜಕ್ಲಪಲ್ಲಿಸಾರಸ್ ಬಂದವು. ದಶಕಗಳ ಹಿಂದೆ ಸಂಗ್ರಹವಾಗಿ ಕಪಾಟಿನಲ್ಲಿದ್ದ ಮೂಳೆಗಳಿಂದ 2025ರಲ್ಲಿ ಮಲೇರಿರಾಪ್ಟರ್ ಬಂತು. ಇದು ಹೆರೆರಾಸಾರಸ್ ಬಳಗದ್ದು, ಸುಮಾರು 22 ಕೋಟಿ ವರ್ಷ ಹಿಂದಿನದು, ಸಂಸ್ಥೆಯ ಟಿ.ಎಸ್. ಕುಟ್ಟಿ ಅವರ ಹೆಸರು ಅದಕ್ಕಿದೆ. ಇಸ್ಚಿಗ್ವಲಾಸ್ತೊದ ಬೇಟೆಗಾರರ ನೆಂಟರು ಇಲ್ಲಿ ರಿಂಕೊಸಾರ್‌ಗಳು ಅಳಿದ ಮೇಲೂ ಬದುಕಿದ್ದರು ಎಂಬುದಕ್ಕೆ ಇದು ಸಾಕ್ಷಿ.

ಈಗ ಬಾದಾಮಿ. ಗುಹಾಲಯಗಳನ್ನು ಕೊರೆದ ಆ ಕೆಂಪು ಮರಳುಗಲ್ಲು ಅಪ್ಪಟ ಕಣಶಿಲೆ, ನೀವು ಹೇಳಿದ್ದು ಸರಿ. ಬಂಡೆಯ ಪಕ್ಕೆಯಲ್ಲಿ ಓರೆ ಪದರಗಳನ್ನು, ಕೆಲವೆಡೆ ಅಲೆ ಮೂಡಿಸಿದ ಗೆರೆಗಳನ್ನು ಮಕ್ಕಳಿಗೆ ತೋರಿಸಿ, ಹರಿದ ನೀರಿನ ದಿಕ್ಕು ಇನ್ನೂ ಓದಲು ಬರುತ್ತದೆ. ಆದರೆ ಅದು ಪ್ರೊಟೆರೊಜೋಯಿಕ್ ಕಾಲದ್ದು, 54 ಕೋಟಿ ವರ್ಷಕ್ಕಿಂತಲೂ ಹಿಂದಿನದು. ಆಗ ಕಾಲಿರುವ ಪ್ರಾಣಿಯಿರಲಿ, ಮೂಳೆ ಎಂಬುದೇ ಇರಲಿಲ್ಲ. ನಿಮ್ಮ ಶಾಲೆಯ ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದ್ದರೆ ಅದೂ ಕಣಶಿಲೆಯೇ, ಭೀಮಾ ತೀರದ ಸುಣ್ಣದಕಲ್ಲು. ಅದೂ ಡೈನೋಸಾರ್‌ಗಳಿಗಿಂತ ಎಷ್ಟೋ ಹಳೆಯದು. ದಕ್ಷಿಣಕ್ಕೆ ಬಂದರೆ ಲಾಲ್‌ಬಾಗ್ ಬಂಡೆಯಂಥ, 300 ಕೋಟಿ ವರ್ಷದ ಆಸುಪಾಸಿನ ನೈಸ್ ಶಿಲೆ; ಅದು ಬೆಂದು ಹಿಂಡಿದ ಕಲ್ಲು, ಅದರಲ್ಲಿ ಪಳೆಯುಳಿಕೆ ಕೇಳುವಂತಿಲ್ಲ.

ಉತ್ತರದ ಅಂಚಿನಲ್ಲಿ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಗಳ ಕಪ್ಪು ಬಸಾಲ್ಟ್ ಡೆಕ್ಕನ್ ಲಾವಾ. ಅದು ಹರಿದದ್ದು ಸುಮಾರು 6.6 ಕೋಟಿ ವರ್ಷ ಹಿಂದೆ, ಡೈನೋಸಾರ್‌ಗಳು ಅಳಿದ ಹೊತ್ತಿಗೆ. ಲಾವಾ ಹರಿವುಗಳ ನಡುವೆ ಕೆರೆಗಳಾಗಿದ್ದ ಕಡೆ ತೆಳ್ಳನೆಯ ಕಣಶಿಲೆ ಉಳಿದಿದೆ. ಗುರುಮಠಕಲ್ ಬಳಿ ಅಂಥ ಪದರಗಳಿಂದ ಆಸ್ಟ್ರಕೋಡ್ ಎಂಬ ಸೂಕ್ಷ್ಮ ಚಿಪ್ಪುಜೀವಿಗಳನ್ನು ವರದಿ ಮಾಡಿದ್ದಾರೆ. ಕರ್ನಾಟಕದಲ್ಲಿ ಡೈನೋಸಾರ್ ಆಸೆ ಇಡುವುದಾದರೆ ಇಂಥ ಕಡೆ ಇಡಬೇಕು. ಆದರೆ ಅದು ಕಥೆಯ ಕೊನೆಯ ಪುಟದ ಪ್ರಾಣಿಯಾದೀತೇ ಹೊರತು ಮೊದಲ ಪುಟದ್ದಲ್ಲ. ಟ್ರಯಾಸಿಕ್ ಕಾಲದ ಪದರವೇ ನಮ್ಮಲ್ಲಿಲ್ಲ. 23 ಕೋಟಿ ವರ್ಷ ಹಿಂದೆ ಈ ನೆಲ ಎತ್ತರವಾಗಿದ್ದು ಸವೆಯುತ್ತಿತ್ತು. ಸವೆಯುವ ಕಡೆ ಏನೂ ಶೇಖರವಾಗುವುದಿಲ್ಲ. ಗೋದಾವರಿಯ ಜಾಡಿನಲ್ಲಿ ಹಾಗಲ್ಲ. ಧಾರವಾಡ ಮತ್ತು ಬಸ್ತರ್ ಭೂಖಂಡಗಳು ಕೂಡಿದ ಹಳೆಯ ದುರ್ಬಲ ಗೆರೆ ಸೀಳಿ ಕುಸಿಯುತ್ತ ಹೋಯಿತು, ಕುಸಿದ ತಗ್ಗಿಗೆ ಕೋಟ್ಯಂತರ ವರ್ಷ ಮೆಕ್ಕಲು ಬಂದು ತುಂಬಿತು. ಇಲ್ಲೂ ಡೈನೋಸಾರ್‌ಗಳು ಓಡಾಡಿರಬಹುದು. ಗೋದಾವರಿ ಕಣಿವೆಯ ಪ್ರಾಣಿ ಕೃಷ್ಣೆಯ ಕಡೆ ಬರಬಾರದೆಂದು ಯಾವ ಬೇಲಿಯೂ ಇರಲಿಲ್ಲ. ಬಂದು ಸತ್ತರೂ ಅದನ್ನು ಮುಚ್ಚುವ ಕೆಸರು ಉಳಿಯಲಿಲ್ಲ.

ಶೈಕ್ಷಣಿಕ ಪ್ರವಾಸಕ್ಕೆ ಎಲ್ಲಿಗೆ ಎಂದು ಯೋಚಿಸುತ್ತಿದ್ದರೆ ಹೈದರಾಬಾದಿನ ಬಿರ್ಲಾ ವಿಜ್ಞಾನ ಮ್ಯೂಸಿಯಂನಲ್ಲಿ ಕೋಟಾಸಾರಸ್‌ನ ಅಸ್ಥಿಪಂಜರ ನಿಲ್ಲಿಸಿದ್ದಾರೆ. ಅದು ಇದೇ ಗೋದಾವರಿ ಕಣಿವೆಯ ಮೇಲಿನ ಪದರಗಳದ್ದು, ಜುರಾಸಿಕ್ ಕಾಲದ್ದು. ಅದರ ನೆರೆಯವನಾದ ಬರಪಾಸಾರಸ್ ಕೋಲ್ಕತ್ತದಲ್ಲಿ ಸಾಂಖ್ಯಿಕ ಸಂಸ್ಥೆಯ ಮ್ಯೂಸಿಯಂನಲ್ಲಿದೆ. ಮುಂದೆ ಯಾವ ಮಗುವಾದರೂ ಅನುಮಾನದ ಕಲ್ಲು ಕಂಡರೆ, ಕಿತ್ತು ತರಬೇಡಿ ಎಂದು ಮೊದಲೇ ಹೇಳಿಡಿ. ಪಕ್ಕದಲ್ಲಿ ಒಂದು ನಾಣ್ಯವಿಟ್ಟು ಫೋಟೊ, ಫೋನಿನಲ್ಲಿ ಜಾಗದ ಗುರುತು, ಯಾವ ಪದರದಲ್ಲಿತ್ತು ಎಂಬ ಒಂದು ಸಾಲು ಇಷ್ಟಿದ್ದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕಚೇರಿಗೋ ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ಕಳಿಸಬಹುದು. ಪದರದಿಂದ ಕಿತ್ತ ಮೂಳೆಗೆ ಆಮೇಲೆ ವಯಸ್ಸು ಹೇಳಲು ಯಾರಿಂದಲೂ ಆಗುವುದಿಲ್ಲ.